ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಇರುವಾಗ, ದಿನನಿತ್ಯದ ಕೆಲಸಗಳಲ್ಲಿ ನಂಬಿಕೆಯ ಪಾಠ ಕಾಣುವುದು ಹೇಗೆ?

ಕೊರೊನಾ ಲಾಕ್‌ಡೌನಿನ ದಿನಗಳಲ್ಲಿ ನೀವು ಬರೆದು ಕೇಳಿದ ಪ್ರಶ್ನೆಯ ಸಾರ ಇದು: ಆರಾಧನೆಗೆ ಹೋಗುವಂತಿಲ್ಲ, ದಿನವಿಡೀ ಪಾತ್ರೆ, ಬಟ್ಟೆ, ಫೋನು. ಈ ದಿನಗಳಲ್ಲಿ ದೇವರು ಏನೋ ಕಲಿಸುತ್ತಿದ್ದಾನೆ ಎಂದು ಸುತ್ತಲಿನವರೆಲ್ಲ ಹೇಳುತ್ತಾರೆ, ನಿಮಗೆ ಮಾತ್ರ ಏನೂ ಕಾಣುತ್ತಿಲ್ಲ. ಅದರ ಮೇಲೆ ಬರುವ ಭಾನುವಾರದ ಆನ್‌ಲೈನ್ ಕೂಟದಲ್ಲಿ ಹತ್ತು ನಿಮಿಷ ಮಾತಾಡುವ ಸರದಿ ನಿಮ್ಮದು.

ಕಾಣದಿರುವುದಕ್ಕೆ ನಿಮ್ಮ ನಂಬಿಕೆ ಸೊರಗಿರುವುದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಎಷ್ಟೋ ಜನ ಪಾಠವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು, ಅದನ್ನು ತೂಗುಹಾಕಲು ಗೋಡೆಯಲ್ಲಿ ಮೊಳೆ ಹುಡುಕುತ್ತಾರೆ. ‘ಪಾತ್ರೆ ತೊಳೆದ ಹಾಗೆ ಹೃದಯವನ್ನೂ ತೊಳೆಯಬೇಕು’ ಎಂಬಂಥ ಮಾತು ಹುಟ್ಟುವುದು ಹಾಗೆ. ಅದನ್ನು ಹೇಳುವುದಕ್ಕೆ ಪಾತ್ರೆ ತೊಳೆದಿರಬೇಕೆಂದೇನೂ ಇಲ್ಲ. ಯೇಸುಸ್ವಾಮಿಯ ಸಾಮ್ಯಗಳಲ್ಲಿ, ಅಂದರೆ ಅವನು ಹೇಳಿದ ಹೋಲಿಕೆಯ ಕಥೆಗಳಲ್ಲಿ, ಕೆಲಸದ ವಿವರ ಮೊದಲು ಬರುತ್ತದೆ. ಲೂಕ 15:8ರ ಹೆಂಗಸಿನ ಹತ್ತು ನಾಣ್ಯಗಳಲ್ಲಿ ಒಂದು ಕಳೆದುಹೋಗಿದೆ. ಆಕೆ ದೀಪ ಹಚ್ಚುತ್ತಾಳೆ, ಆಮೇಲೆ ಗುಡಿಸುತ್ತಾಳೆ, ಸಿಕ್ಕುವ ತನಕ ಹುಡುಕುತ್ತಾಳೆ. ಕತ್ತಲೆಯಲ್ಲೇ ಗುಡಿಸಿದ್ದರೆ ನಾಣ್ಯ ಕಸದ ಜೊತೆ ಹೊರಗೆ ಹೋಗುತ್ತಿತ್ತು. ಪೊರಕೆ ಹಿಡಿಯುವವರನ್ನು ಹತ್ತಿರದಿಂದ ನೋಡಿದವರ ಮಾತು ಅದು. ಅದೇ ಅಧ್ಯಾಯದಲ್ಲಿ ಕುರಿ ಅಡವಿಯಲ್ಲಿ ತಪ್ಪಿಹೋಗುತ್ತದೆ, ಕಿರಿಮಗ ದೂರದೇಶಕ್ಕೆ ಹೋಗುತ್ತಾನೆ, ನಾಣ್ಯ ಮಾತ್ರ ಮನೆಯೊಳಗೇ ಕಳೆದುಹೋಗುತ್ತದೆ. ಎಲ್ಲರೂ ಒಂದೇ ಸೂರಿನಡಿ ಇರುವ ಈ ದಿನಗಳಲ್ಲಿ, ಕೋಣೆಯ ಬಾಗಿಲು ಹಾಕಿಕೊಂಡು ಊಟಕ್ಕೆ ಮಾತ್ರ ಹೊರಗೆ ಬರುವ ಮಗನೋ ಮಗಳೋ ಇದ್ದರೆ, ಈ ಸಾಮ್ಯ ಎಲ್ಲಿ ಹೋಗಿ ಮುಟ್ಟುತ್ತದೆ ನೋಡಿ.

ಹಾಗಾಗಿ ದಿನಕ್ಕೆ ಒಂದೇ ಕೆಲಸ ಆರಿಸಿಕೊಳ್ಳಿ, ರಾತ್ರಿ ಇಪ್ಪತ್ತು ನಿಮಿಷ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಮೊದಲು ನಡೆದದ್ದನ್ನು ನಾಲ್ಕೈದು ಸಾಲಿನಲ್ಲಿ ಬರೆಯಿರಿ, ಅದರಲ್ಲಿ ದೇವರ ಹೆಸರಾಗಲಿ ವಾಕ್ಯವಾಗಲಿ ಬರಬಾರದು. ಕೆಲಸ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತೊಡಕಾಯಿತು, ಯಾರ ಮೇಲೆ ಸಿಡುಕು ಬಂತು, ಅಷ್ಟೇ. ತೊಡಕಾದ ಕಡೆ ಅಡಿಗೆರೆ ಎಳೆಯಿರಿ. ಪಾಠ ಇದ್ದರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಆಮೇಲೆ ಅದೇ ಕೆಲಸ ಅಥವಾ ಅದೇ ತೊಡಕು ಬರುವ ಒಂದು ಭಾಗವನ್ನು ಬೈಬಲ್ಲಿನಲ್ಲಿ ತೆಗೆದು ಇಡೀ ಅಧ್ಯಾಯ ಓದಿ. ಫೋನಿನಲ್ಲಿ ಒಂದು ಪದ ಹಾಕಿ ಸಿಕ್ಕಿದ ವಾಕ್ಯವನ್ನು ಎತ್ತಿಕೊಂಡರೆ ನಿಮಗೆ ಬೇಕಾದದ್ದೇ ಸಿಗುತ್ತದೆ, ನಿಮ್ಮನ್ನು ತಿದ್ದುವಂಥದ್ದು ಸಿಗುವುದಿಲ್ಲ. ಕೊನೆಗೆ ನಾಳೆ ಸಂಜೆಯೊಳಗೆ ಮಾಡುವ ಒಂದು ಕೆಲಸವನ್ನು, ಯಾರಿಗಾಗಿ ಎಂದು ಹೆಸರಿನ ಸಮೇತ ಬರೆಯಿರಿ. ಹೆಸರು ಹೊಳೆಯದಿದ್ದರೆ ಜಾಗ ಖಾಲಿ ಬಿಡಿ. ತುಂಬಿಸಲೇಬೇಕು ಎಂದು ಹೊರಟರೆ ಮತ್ತೆ ಮೊಳೆ ಹುಡುಕಲು ಶುರುಮಾಡುತ್ತೀರಿ.

ಅಡಿಗೆಮನೆಯ ಕಪಾಟನ್ನೇ ತೆಗೆದುಕೊಳ್ಳಿ. ಅಲ್ಲಿರುವ ಒಂದೊಂದು ಸಾಮಾನೂ ನಿಮ್ಮ ಮನೆಗೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಚೀಟಿಯಲ್ಲಿ ಬರೆಯಿರಿ. ಹಿಟ್ಟು 9 ದಿನ, ಎಣ್ಣೆ 20, ಸೋಪು 60 ಎಂದು ಬರಬಹುದು. ಈಗ ವಿಮೋಚನಕಾಂಡ 16 ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನವೂ ಕೊಟ್ಟ ಆಹಾರವಾದ ಮನ್ನವನ್ನು ತಲೆಗೆ ಒಂದು ಓಮೆರಿನಂತೆ, ಅಂದರೆ ಸುಮಾರು ಎರಡು ಲೀಟರು, ಕೂಡಿಸಬೇಕಿತ್ತು. ಮರುದಿನಕ್ಕೆ ಇಟ್ಟುಕೊಂಡದ್ದರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ‘ಕೂಡಿಡಬೇಡಿ’ ಎಂದು ಹೇಳಿಬಿಡುತ್ತೇವೆ. ಮುಂದೆ ಓದಿದರೆ ಆರನೆಯ ದಿನ ಎರಡರಷ್ಟು ಕೂಡಿಸಲು ಅಪ್ಪಣೆಯಾಗುತ್ತದೆ, ಆ ರಾತ್ರಿ ಇಟ್ಟದ್ದರಲ್ಲಿ ಹುಳ ಬೀಳುವುದಿಲ್ಲ. ಮನ್ನ ಅದೇ, ರಾತ್ರಿ ಇಟ್ಟದ್ದೂ ಅದೇ ರೀತಿ. ಭಯದಿಂದ ಇಟ್ಟದ್ದು ಕೆಟ್ಟಿತು, ಮಾತಿಗೆ ವಿಧೇಯರಾಗಿ ಇಟ್ಟದ್ದು ಉಳಿಯಿತು. ಆದ್ದರಿಂದ ಹದಿನೈದು ದಿನದ ಸಾಮಾನು ತಂದಿಟ್ಟವರನ್ನು ಅಪನಂಬಿಗಸ್ತರು ಎನ್ನುವ ಹಕ್ಕು ನಮಗಿಲ್ಲ. ಆದರೆ ಚೀಟಿಯಲ್ಲಿ 60 ಎಂದು ಬಂದ ಸಾಮಾನಿನ ಮುಂದೆ ಒಂದು ಹೆಸರು ಬರೆಯಬಹುದು. ‘ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ’ ಎಂಬ ಅರ್ಥದ ಮಾತು ಅದೇ ಅಧ್ಯಾಯದಲ್ಲಿದೆ. ಪೌಲನು 2 ಕೊರಿಂಥ 8:15ರಲ್ಲಿ ಅದನ್ನು ಎತ್ತಿಕೊಳ್ಳುವುದು ಕಷ್ಟದಲ್ಲಿದ್ದ ಬೇರೊಂದು ಊರಿನ ವಿಶ್ವಾಸಿಗಳಿಗೆ ಹಣ ಕೂಡಿಸುವ ಸಂದರ್ಭದಲ್ಲಿ.

ಕೈ ತೊಳೆಯುವುದು ಇನ್ನೂ ಹತ್ತಿರದ್ದು, ದಿನಕ್ಕೆ ಹತ್ತಾರು ಬಾರಿ ಮಾಡುವಂಥದ್ದು. ಕೊರೊನಾ ವೈರಸ್ಸಿಗೆ ಹೊರಗಡೆ ಕೊಬ್ಬಿನ ಪದರ ಇದೆ. ಸೋಪು ಅದನ್ನು ಒಡೆಯುತ್ತದೆ, ಆದರೆ ಉಜ್ಜಲು ಕನಿಷ್ಠ 20 ಸೆಕೆಂಡು ಕೊಡಬೇಕು. ಅವಸರದಲ್ಲಿ ತೊಳೆದಾಗ ಬಿಟ್ಟುಹೋಗುವ ಜಾಗಗಳು ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ: ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು. ಅಂಗೈ ಮಾತ್ರ ಎರಡೆರಡು ಬಾರಿ ಉಜ್ಜಿಸಿಕೊಳ್ಳುತ್ತದೆ. ಇದನ್ನು ಗಮನಿಸಿದ ಮೇಲೆ ಕೀರ್ತನೆ 19:12 ಓದಿ. ತನಗೇ ಗೊತ್ತಾಗದ, ಮರೆಯಲ್ಲಿರುವ ತಪ್ಪುಗಳಿಂದ ಬಿಡಿಸೆಂದು ಕೀರ್ತನೆಗಾರ ಬೇಡುತ್ತಾನೆ. ತೊಳೆದಿದ್ದೇನೆ ಎಂದು ಧೈರ್ಯವಾಗಿರುವ ಕೈಯಲ್ಲೇ ಬಿಟ್ಟುಹೋದ ಜಾಗ ಇರುತ್ತದಲ್ಲ, ಆ ಬೇಡಿಕೆ ಅಂಥ ಜಾಗಗಳ ಬಗ್ಗೆ.

ಕರ್ತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೆ ಸುಮಾರು ಅರ್ಧ ನಿಮಿಷ, ಕೈ ತೊಳೆಯಲು ಸರಿಯಾದ ಅಳತೆ. ಇಲ್ಲಿ ಆಗುವ ತಪ್ಪೆಂದರೆ ಮೂರನೆಯ ದಿನಕ್ಕೇ ಅದು ಬಾಯಿಪಾಠದ ಗಡಿಯಾರ ಆಗಿಬಿಡುವುದು. ಒಂದೊಂದು ಬಾರಿ ಒಂದೊಂದು ಸಾಲಿನಲ್ಲಿ ನಿಲ್ಲಿ: ಬೆಳಿಗ್ಗೆ ‘ಅನುದಿನದ ಆಹಾರ’, ಜಗಳವಾದ ಮೇಲೆ ‘ನಮ್ಮ ತಪ್ಪುಗಳನ್ನು ಕ್ಷಮಿಸು’. ಇನ್ನೊಂದು ಮಾತು. ಮತ್ತಾಯ 6:6ರಲ್ಲಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎನ್ನುವ ಯೇಸು, ಮೂರೇ ವಚನಗಳಾಚೆ ಹೇಳಿಕೊಡುವ ಪ್ರಾರ್ಥನೆಯಲ್ಲಿ ‘ನಮ್ಮ ತಂದೆಯೇ’ ಎನ್ನಿಸುತ್ತಾನೆ, ‘ನನ್ನ’ ಎನ್ನಿಸುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ನಿಂತಿದ್ದರೂ ಬಾಯಲ್ಲಿ ಬರುವುದು ಸಭೆಯ ಮಾತು. ನಿಮ್ಮ ಹತ್ತು ನಿಮಿಷಕ್ಕೆ ನಾನಾದರೆ ಇದನ್ನೇ ಆರಿಸುತ್ತಿದ್ದೆ.

ಮಕ್ಕಳು ಕೂಟದಲ್ಲಿದ್ದರೆ ವಿವರಿಸುವುದಕ್ಕಿಂತ ಮಾಡಿಸಿ. ಎರಡು ಬಟ್ಟಲು, ಒಂದೊಂದರಲ್ಲಿ 100 ಗ್ರಾಂ ಗೋಧಿ ಹಿಟ್ಟು, 65 ಮಿಲೀ ಉಗುರುಬೆಚ್ಚಗಿನ ನೀರು. ಒಂದಕ್ಕೆ ಮಾತ್ರ ಅರ್ಧ ಟೀ ಚಮಚ ಒಣ ಯೀಸ್ಟ್ ಸೇರಿಸಿ. ಎರಡನ್ನೂ ನಾದಿ, ಒದ್ದೆ ಬಟ್ಟೆ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಒಂದರಿಂದ ಒಂದೂವರೆ ಗಂಟೆ ಇಡಿ. ನೀರು ಕೈ ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ, ಹಳೆಯದಾಗಿದ್ದರೂ ಹಿಟ್ಟು ಉಬ್ಬುವುದಿಲ್ಲ. ಆದ್ದರಿಂದ ಮುಂಚೆಯೇ ಒಂದು ಚಿಟಿಕೆ ಯೀಸ್ಟನ್ನು ಸಕ್ಕರೆ ಬೆರೆಸಿದ ಬೆಚ್ಚಗಿನ ನೀರಿಗೆ ಹಾಕಿ, ಹತ್ತು ನಿಮಿಷದಲ್ಲಿ ನೊರೆ ಬರುತ್ತದೆಯೇ ನೋಡಿಕೊಳ್ಳಿ. ಮೊದಲ ಹತ್ತು ಹದಿನೈದು ನಿಮಿಷ ಎರಡೂ ಬಟ್ಟಲು ಒಂದೇ ಥರ ಕಾಣುತ್ತವೆ. ಆಗ ಮಕ್ಕಳನ್ನು ಕೇಳಿ: ಯಾವುದರಲ್ಲಿ ಕೆಲಸ ನಡೆಯುತ್ತಿದೆ? ಉತ್ತರ ನೀವು ಹೇಳಬೇಡಿ. ಮತ್ತಾಯ 13:33ರಲ್ಲಿ ಯೇಸು ಪರಲೋಕರಾಜ್ಯವನ್ನು ಹಿಟ್ಟಿನಲ್ಲಿ ಸೇರಿದ ಹುಳಿಗೆ ಹೋಲಿಸುತ್ತಾನೆ. ಅಲ್ಲಿನ ಹೆಂಗಸು ಬಳಸಿದ್ದು ಹಿಂದಿನ ಹಿಟ್ಟಿನಿಂದ ಉಳಿಸಿಕೊಂಡ ಹುಳಿ. ಮೂಲ ಗ್ರೀಕ್ ಪದದ ಅರ್ಥ ಆಕೆ ಅದನ್ನು ಹಿಟ್ಟಿನಲ್ಲಿ ‘ಬಚ್ಚಿಟ್ಟಳು’ ಎಂದು. ಅದೇ ಹುಳಿಯನ್ನು ಮತ್ತಾಯ 16:6 ಮತ್ತು 1 ಕೊರಿಂಥ 5:6ರಲ್ಲಿ ಕೆಟ್ಟದ್ದು ಹರಡುವುದಕ್ಕೂ ಹೋಲಿಸಲಾಗಿದೆ. ಸತ್ಯವೋ ಸುಳ್ಳೋ ನೋಡದೆ ವಾಟ್ಸಾಪಿನಲ್ಲಿ ಮುಂದೆ ಕಳಿಸಿದ ಒಂದು ಸಂದೇಶಕ್ಕೆ ಈ ಎರಡನೆಯ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ದೊಡ್ಡ ಮಕ್ಕಳಿಗೆ ಇದನ್ನೂ ಹೇಳಿ.

ರೋಗ ಬಂದವರನ್ನು ಬೇರೆಯಾಗಿ ಇರಿಸುವುದರ ಬಗ್ಗೆ ಜನ ಮೊದಲು ತೆಗೆಯುವುದು ಯಾಜಕಕಾಂಡ 13. ಚರ್ಮದಲ್ಲಿ ಸಂದೇಹದ ಗುರುತಿದ್ದವನನ್ನು ಯಾಜಕನು ಏಳು ದಿನ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಬೇಕಾದರೆ ಮತ್ತೆ ಏಳು ದಿನ ಇರಿಸುತ್ತಿದ್ದ. ನನಗೆ ಅದಕ್ಕಿಂತ ಅರಣ್ಯಕಾಂಡ 12:15 ದೊಡ್ಡದಾಗಿ ಕಾಣುತ್ತದೆ. ಮೋಶೆಯ ಸಹೋದರಿ ಮಿರ್ಯಾಮಳು ಕುಷ್ಠ ಬಂದು ಏಳು ದಿನ ಪಾಳೆಯದ ಹೊರಗಿದ್ದಳು, ಆಕೆ ತಿರುಗಿ ಬರುವ ತನಕ ಜನರು ಮುಂದಕ್ಕೆ ಹೊರಡಲಿಲ್ಲ. ಅಷ್ಟು ದೊಡ್ಡ ಪಾಳೆಯ ಒಬ್ಬಳಿಗಾಗಿ ಒಂದು ವಾರ ಡೇರೆ ಕೀಳದೆ ಕಾಯಿತು. ಮನೆಯಲ್ಲಿ ಕೂತಿರುವುದು ನಮ್ಮ ರಕ್ಷಣೆಗೆ ಎಂದಷ್ಟೇ ಭಾವಿಸಿದರೆ ಹತ್ತು ದಿನಕ್ಕೆ ಬೇಸರ ಹತ್ತುತ್ತದೆ. ಯಾರೋ ಒಬ್ಬ ಬಲಹೀನರಿಗಾಗಿ ಎಲ್ಲರೂ ನಿಂತು ಕಾಯುತ್ತಿದ್ದೇವೆ ಎಂದುಕೊಂಡರೆ ಅದೇ ಕೂರುವಿಕೆ ಸೇವೆಯಾಗುತ್ತದೆ. ಒಂದು ಎಚ್ಚರಿಕೆ ಇದೆ: ಮಿರ್ಯಾಮಳಿಗೆ ಆ ರೋಗ ಬಂದದ್ದು ಅವಳಾಡಿದ ಮಾತಿಗೆ ಶಿಕ್ಷೆಯಾಗಿ. ಆ ಕಾರಣವನ್ನು ಇವತ್ತಿನ ರೋಗಿಯ ಮೇಲೆ ಹೊರಿಸಬೇಡಿ. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಬೇರೆಯವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಕೇಳಿ, ಅಲ್ಲ ಎಂದು ಯೇಸುವೇ ಉತ್ತರ ಕೊಟ್ಟಿದ್ದಾನೆ (ಲೂಕ 13:4-5).

ಇದರಷ್ಟೇ ಅಪಾಯದ್ದು, ವ್ಯಾಧಿಯಿಂದ ದೇವರು ಕಾಪಾಡುತ್ತಾನೆ ಎನ್ನುವ ಕೀರ್ತನೆ 91ನ್ನು ಹಿಡಿದು ಮುನ್ನೆಚ್ಚರಿಕೆ ಬಿಡುವುದು. ಆ ಕೀರ್ತನೆಯನ್ನು ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ. ಆದರೆ ಮತ್ತಾಯ 4:6ರಲ್ಲಿ ಅದರ ಮಾತನ್ನೇ ಎತ್ತಿ ‘ಕೆಳಕ್ಕೆ ದುಮುಕು’ ಎಂದವನು ಸೈತಾನ, ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರ ಕೊಟ್ಟವನು ಯೇಸು. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಊರಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡ ಸಭಾಸುಧಾರಕ ಮಾರ್ಟಿನ್ ಲೂಥರ್ ಕೂಡ, ಔಷಧಿ ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ, ನೆರೆಯವನಿಗೆ ನಾನು ಬೇಕಾದರೆ ತಪ್ಪಿಸಿಕೊಳ್ಳುವುದೂ ಇಲ್ಲ ಎಂಬರ್ಥದಲ್ಲಿ ಬರೆದ. ಆ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಭಾನುವಾರ ಉಳಿದ ದಿನಗಳಲ್ಲಿ ಕರಗಿಹೋಗಿದೆ ಎಂದೂ ಬರೆದಿದ್ದೀರಿ. ವಿಶ್ರಾಂತಿಯ ಆಜ್ಞೆಯಲ್ಲಿ (ಧರ್ಮೋಪದೇಶಕಾಂಡ 5:14) ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ ಎಲ್ಲದರ ಹೆಸರೂ ಇದೆ. ಎಲ್ಲರೂ ಮನೆಯಲ್ಲಿರುವಾಗ ಮೂರು ಹೊತ್ತೂ ಬೇಯಿಸುವವರಿಗೆ ರಜೆ ಎಲ್ಲಿದೆ ಎಂದು ಕೇಳಿಕೊಳ್ಳಿ. ಶನಿವಾರ ರಾತ್ರಿಯೇ ಮರುದಿನದ ಒಂದು ಹೊತ್ತಿನ ಅಡಿಗೆಯನ್ನೂ ಪಾತ್ರೆಯನ್ನೂ ಬೇರೆಯವರ ಪಾಲಿಗೆ ಹಂಚಿಬಿಡಿ. ಕರ್ತನ ಭೋಜನದ ವಿಷಯದಲ್ಲಿ ಒಂದೊಂದು ಸಭೆಯ ಕ್ರಮ ಒಂದೊಂದು ಥರ, ನಿಮ್ಮ ಸಭಾಪಾಲಕರನ್ನೇ ಕೇಳಿ. ಆನ್‌ಲೈನ್ ಕೂಟ ಸಪ್ಪೆ ಎನಿಸಿದರೆ ತಪ್ಪಿತಸ್ಥ ಭಾವನೆ ಬೇಡ. 2 ಯೋಹಾನ 12ರಲ್ಲಿ ಬರೆದವನೇ, ಕಾಗದ ಮಸಿ ಸಾಲದು, ಬಂದು ಮುಖಾಮುಖಿ ಮಾತಾಡಬೇಕು ಎನ್ನುತ್ತಾನೆ. ಹಾಗೆಂದು ಬರೆಯುವುದನ್ನು ಬಿಡಲಿಲ್ಲ.

ಇನ್ನು ಆ ಹತ್ತು ನಿಮಿಷ. ಒಂದೇ ವಸ್ತು ಕೈಯಲ್ಲಿ ಹಿಡಿದು ಕ್ಯಾಮೆರಾಗೆ ತೋರಿಸಿ, ಸೋಪಾದರೂ ಸಾಕು. ಎರಡು ನಿಮಿಷ ಅದರ ಬಗ್ಗೆ ಮಾತ್ರ ಹೇಳಿ. ಒಂದೇ ಭಾಗವನ್ನು ಪುಸ್ತಕದಿಂದ ಓದಿ. ಮೂರು ನಿಮಿಷ ವಿವರಣೆ, ಒಂದು ಪ್ರಶ್ನೆ, ಉಳಿದ ಹೊತ್ತು ಬೇರೆಯವರು ಮಾತಾಡಲಿ. ಪ್ರಶ್ನೆ ಕೇಳಿದ ಮೇಲೆ ಹದಿನೈದು ಸೆಕೆಂಡು ಸುಮ್ಮನಿರಿ. ಆನ್‌ಲೈನಿನಲ್ಲಿ ಆ ಮೌನ ತುಂಬ ಉದ್ದ ಅನ್ನಿಸುತ್ತದೆ, ಹೆದರಿ ನೀವೇ ಉತ್ತರ ಹೇಳಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಮನೆಯವರ ಉದಾಹರಣೆಯನ್ನು ಅವರ ಒಪ್ಪಿಗೆಯಿಲ್ಲದೆ ತರಬೇಡಿ.

ಕೂಟದಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಏನೂ ಮಾತಾಡದೆ ಹೋಗುವವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಈಗ ಯಾವ ಪಾಠವೂ ಬೇಡವಾಗಿರಬಹುದು. 1 ಅರಸುಗಳು 19ರಲ್ಲಿ ಎಲೀಯನು ಸಾವು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ‘ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನದ ನಡಿಗೆಯ ನಂತರ. ಭಾನುವಾರದ ಲಿಂಕ್ ಕಳಿಸುವ ಮೊದಲು ಅಂಥವರಿಗೆ ಒಂದು ಫೋನ್ ಮಾಡಿ, ಊಟ ಆಯ್ತಾ, ರಾತ್ರಿ ನಿದ್ದೆ ಬಂತಾ ಎಂದು ಕೇಳಿ. ವಾಕ್ಯ ಆಮೇಲೆ ಕಳಿಸಿದರಾಯಿತು.