ಹಳ್ಳಿಮನೆ, ಒಂದು ಲ್ಯಾಬ್ರಡಾರ್, ಎರಡು ಬೆಕ್ಕು

ಇಂಗ್ಲೆಂಡಿನ ರೀಡಿಂಗ್ ಪಟ್ಟಣದಿಂದ ಬರೆದ ಓದುಗರಿಗೆ,

ಏಪ್ರಿಲ್‌ನಲ್ಲಿ ಹತ್ತು ದಿನ ಕಾಟ್ಸ್‌ವೋಲ್ಡ್ಸ್ ಗುಡ್ಡನಾಡಿನ ಸ್ಟೋ-ಆನ್-ದ-ವೋಲ್ಡ್ (ಸ್ಟೋ) ಪಟ್ಟಣದ ಬಳಿಯ ಹಳ್ಳಿಮನೆಯಲ್ಲಿ ನಾಯಿ, ಬೆಕ್ಕುಗಳನ್ನು ನೋಡಿಕೊಳ್ಳುತ್ತಾ ಒಬ್ಬರೇ ಇರಲು ಹೊರಟಿದ್ದೀರಿ. ಸಂಬಳವಿಲ್ಲ, ಬಾಡಿಗೆಯೂ ಇಲ್ಲ. ನಿಮಗೆ ಕಾರು ಓಡಿಸಲು ಬಾರದು. ಬೇಸಿಗೆಯಲ್ಲಿ ವಿಸಿಟರ್ ವೀಸಾದ ಮೇಲೆ ಧಾರವಾಡದಿಂದ ಬರುವ ತಂಗಿಯೂ ಹೀಗೆ ಮನೆ ಕಾಯುತ್ತಾ ಊರೂರು ಸುತ್ತಬಹುದೇ ಎಂದೂ ಕೇಳಿದ್ದೀರಿ.

ತಂಗಿಯ ವಿಷಯ ಮೊದಲು: ಬೇಡ. ವಿಸಿಟರ್ ವೀಸಾದಲ್ಲಿ ಸಂಬಳದ ಕೆಲಸವೂ ಕೂಡದು, ಸಂಬಳವಿಲ್ಲದ ಕೆಲಸವೂ ಕೂಡದು. ಮನೆ ಕಾಯ್ದು ವಸತಿ ಪಡೆಯುವುದನ್ನು ವಿಮಾನ ನಿಲ್ದಾಣದ ಅಧಿಕಾರಿ ಕೆಲಸವೆಂದೇ ಎಣಿಸಿದರೆ ತಂಗಿ ಅಲ್ಲಿಂದಲೇ ಹಿಂದಿರುಗಬೇಕಾದೀತು. ನಿಮ್ಮದು ಬ್ರಿಟನ್ನಿನಲ್ಲಿ ಓದು ಮುಗಿಸಿದವರಿಗೆ ಸಿಗುವ ಗ್ರ್ಯಾಜುಯೇಟ್ ವೀಸಾ. ಅದರಲ್ಲಿ ಸ್ವಂತ ಉದ್ಯೋಗಕ್ಕೂ ಅವಕಾಶವಿರುವುದರಿಂದ ತೊಡಕಿಲ್ಲ.

ಸ್ಟೋಗೆ ರೈಲಿಲ್ಲ. ರೀಡಿಂಗ್‌ನಿಂದ ವೂಸ್ಟರ್ ಕಡೆಯ ರೈಲು ಹತ್ತಿ ಮೋರ್ಟನ್-ಇನ್-ಮಾರ್ಶ್‌ನಲ್ಲಿ ಇಳಿದರೆ ಅಲ್ಲಿಂದ ಸ್ಟೋಗೆ ಸುಮಾರು ಆರೂವರೆ ಕಿಲೋಮೀಟರ್, ಬಸ್ಸಿದೆ. ಆದರೆ ಸ್ಟೋದಿಂದ ಆ ಹಳ್ಳಿಗೆ? ಎಷ್ಟೋ ಹಳ್ಳಿಗಳಿಗೆ ದಿನಕ್ಕೆ ಎರಡು ಮೂರು ಬಸ್ಸು, ಭಾನುವಾರ ಒಂದೂ ಇಲ್ಲ. ಕೊನೆಯ ಬಸ್ಸಿನ ಸಮಯ ನೋಡಿಕೊಂಡೇ ರೈಲಿನ ಟಿಕೆಟ್ ಮಾಡಿ. ಮನೆಯವರು ಹೊರಡುವ ಹಿಂದಿನ ದಿನವೇ ಅಲ್ಲಿಗೆ ತಲುಪಿ. ನಾಯಿಗೆ ಊಟ ಹಾಕುವುದು, ವಾಕಿಂಗ್ ಕರೆದೊಯ್ಯುವುದು, ಬೆಕ್ಕುಗಳು ಓಡಾಡುವ ಬಾಗಿಲು, ಬಾಯ್ಲರ್, ಎಲ್ಲವನ್ನೂ ಅವರ ಮುಂದೆಯೇ ಒಂದು ಸಲ ನೀವೇ ಮಾಡಿ ನೋಡಿ. ಬರೆದಿಟ್ಟ ಚೀಟಿ ಇದಕ್ಕೆ ಸಾಟಿಯಲ್ಲ.

ಏಪ್ರಿಲ್ ಕುರಿಗಳು ಮರಿ ಹಾಕುವ ಕಾಲ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ನಾಯಿ ಕಚ್ಚಬೇಕೆಂದೇನಿಲ್ಲ, ಸುಮ್ಮನೆ ಅಟ್ಟಿಸಿಕೊಂಡು ಹೋದರೂ ಗಬ್ಬದ ಕುರಿಯ ಗರ್ಭ ಹೋಗಬಹುದು. ಜಾನುವಾರುಗಳನ್ನು ನಾಯಿಗಳಿಂದ ಕಾಪಾಡುವ 1953ರ ಕಾಯಿದೆ ಪ್ರಕಾರ ಹೊಣೆ ನಾಯಿಯ ಯಜಮಾನರದ್ದಷ್ಟೇ ಅಲ್ಲ, ಆ ಹೊತ್ತಿಗೆ ನಾಯಿ ಯಾರ ಕೈಯಲ್ಲಿದೆಯೋ ಅವರದ್ದೂ ಹೌದು. ಕುರಿಗಳನ್ನು ಉಳಿಸಲು ಬೇರೆ ದಾರಿ ಇಲ್ಲದಾಗ ರೈತ ನಾಯಿಗೆ ಗುಂಡು ಹೊಡೆದರೂ ಕಾನೂನು ಅವನ ಪರ ನಿಲ್ಲಬಹುದು. ಆದ್ದರಿಂದ ಕುರಿ ಕಂಡಲ್ಲೆಲ್ಲ ಲೀಶ್ (ನಾಯಿಗೆ ಕಟ್ಟಿದ ಹಗ್ಗ) ಗಿಡ್ಡ ಹಿಡಿಯಿರಿ. ಸಾರ್ವಜನಿಕರಿಗೆ ಬಿಟ್ಟ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರ್ ಮೀರದ ಲೀಶ್ ಕಡ್ಡಾಯ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಸಲುವಾಗಿ. ದನಗಳ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಕರುವಿರುವ ಹಸು ಮೈಮೇಲೆ ಬಂದರೆ ಲೀಶ್ ಕೈಬಿಡಿ. ಅದರ ಸಿಟ್ಟು ನಾಯಿಯ ಮೇಲೆ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಿಮ್ಮಿಂದ ಆಗದು. ಕಾಲುದಾರಿಗೆ ಹಳದಿ ಬಾಣದ ಗುರುತು, ಕುದುರೆಯೂ ಹೋಗುವ ದಾರಿಗೆ ನೀಲಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದು, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ 1:25,000 ನಕ್ಷೆ ಕೈಯಲ್ಲಿರಲಿ. ಮನೆಗೆ ಬಂದ ಮೇಲೆ ನಾಯಿಯ ಕಿವಿ, ಕಂಕುಳು ತಡವಿ ಉಣುಗು ಹುಡುಕಿ. ನಿಮ್ಮ ಕಾಲನ್ನೂ ನೋಡಿಕೊಳ್ಳಿ.

ಇನ್ನು ಅಡುಗೆಮನೆ. ನಮ್ಮ ಸಾರು, ಪಲ್ಯ, ಪಾಯಸಗಳಲ್ಲಿ ಇರುವ ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಈಸ್ಟರ್ ಸಮಯದಲ್ಲಿ ಚಾಕೊಲೇಟ್ ಮೊಟ್ಟೆ, ಒಣದ್ರಾಕ್ಷಿ ಹಾಕಿದ ಬನ್ನು ಎಲ್ಲೆಡೆ ಇರುತ್ತವೆ. ಲ್ಯಾಬ್ರಡಾರ್ ಕಸದ ಬುಟ್ಟಿಯನ್ನೂ ಬಿಡದು, ಬುಟ್ಟಿ ಬಾಗಿಲ ಹಿಂದಿರಲಿ. ಲಿಲ್ಲಿ ಹೂವನ್ನು ಮನೆಯೊಳಗೆ ತರಲೇಬೇಡಿ. ಮೈಗಂಟಿದ ಅದರ ಪರಾಗ ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಹಳ್ಳಿಯಲ್ಲಿ ಒಳಚರಂಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಒಗ್ಗರಣೆಯ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಕಾಗದದಲ್ಲಿ ಒರೆಸಿ ಎಸೆಯಿರಿ. ಬ್ಲೀಚ್ ಕೂಡ ಬೇಡ, ಅದು ಟ್ಯಾಂಕ್‌ನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಸದಾ ಉರಿಯುವ ಆಗಾ ಒಲೆಯಿದ್ದರೆ ಮುಚ್ಚಳ ತೆರೆದಿಡಬೇಡಿ, ಆರಿಸಲೂ ಬೇಡಿ. ಆರಿದರೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಅದರ ಮೆಲು ಉರಿಯ ತಟ್ಟೆಯ ಮೇಲೆ ನೇರವಾಗಿಯೇ ದೋಸೆ ಹುಯ್ಯಬಹುದು.

ಕೊನೆಗೆ, ನೀವು ಕೇಳದ ಒಂದು ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ನಾಯಿ ಒದ್ದಾಡತೊಡಗಿದರೆ ಅದನ್ನು ಒಯ್ಯುವುದು ಹೇಗೆ? ರಾತ್ರಿಯ ಪಶುವೈದ್ಯರು ಸಾಮಾನ್ಯವಾಗಿ ಬೇರೆ ಪಟ್ಟಣದಲ್ಲಿರುತ್ತಾರೆ, ಆ ಹೊತ್ತಿಗೆ ಟ್ಯಾಕ್ಸಿ ಸಿಗುವ ಭರವಸೆಯಿಲ್ಲ. ಇಷ್ಟು ಪೌಂಡ್‌ವರೆಗೆ ಚಿಕಿತ್ಸೆ ಮಾಡಬಹುದು, ಬಿಲ್ಲು ತಮ್ಮದು ಎಂದು ಮನೆಯವರು ವೈದ್ಯರಿಗೆ ಮೊದಲೇ ಬರೆದುಕೊಡಲಿ. ಕಾರಿರುವ, ರಾತ್ರಿಯೂ ಬರಲು ಒಪ್ಪಿದ ಪಕ್ಕದವರೊಬ್ಬರನ್ನು ನಿಮಗೆ ಪರಿಚಯಿಸಲಿ. ಅಂಥವರು ಸಿಗದಿದ್ದರೆ ಈ ಮನೆ ಬಿಟ್ಟು ಮೋರ್ಟನ್‌ನಲ್ಲೋ, ರೈಲು ನಿಲ್ಲುವ ಬೇರೆ ಊರಿನಲ್ಲೋ ಹುಡುಕಿ.

— ಸಂಪಾದಕ