ಬೆಂಗಳೂರು ಎಫ್‌ಸಿಗೆ ಈ ಸಲ ಚಾನ್ಸ್ ಇದೆಯಾ? ಅಭಿಮಾನಿಗಳ ಲೆಕ್ಕ ಯಾವತ್ತಾದರೂ ಸರಿ ಹೋಗಿದೆಯಾ?

ನೀವು ಕೇಳಿರೋದು ಎರಡು ಪ್ರಶ್ನೆ. 2026ರ ಫೆಬ್ರವರಿ 14ಕ್ಕೆ ಶುರುವಾಗುವ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್, ದೇಶದ ದೊಡ್ಡ ಫುಟ್‌ಬಾಲ್ ಲೀಗ್) ನಮ್ಮೂರ ಕ್ಲಬ್ ಬೆಂಗಳೂರು ಎಫ್‌ಸಿ ಎಲ್ಲಿಗೆ ಮುಟ್ಟಬಹುದು ಅನ್ನೋದು ಒಂದು. ಪ್ರತಿ ಸೀಸನ್‌ಗೂ ಮುಂಚೆ ನಾವು ಅಭಿಮಾನಿಗಳು ಗಂಟಲು ಹರಿದುಕೊಂಡು ಮಾಡುವ ವಾದದಲ್ಲಿ ಏನಾದರೂ ಹುರುಳಿದೆಯಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಯಾಕೆಂದರೆ ಅದಕ್ಕೆ ನನ್ನ ಹತ್ತಿರ ಬರಹದಲ್ಲೇ ಸಾಕ್ಷಿ ಇದೆ.

ನಮ್ಮದು ಆರು ಜನರ ಗುಂಪು. ಭಾನುವಾರ ಬೆಳಿಗ್ಗೆ ಆಸ್ಟಿನ್ ಟೌನ್ ಕಡೆ ಒಂದಿಷ್ಟು ಹೊತ್ತು ಕಾಲಾಡಿಸಿ, ಆಮೇಲೆ ದರ್ಶಿನಿಯಲ್ಲಿ ನಿಂತು ಇಡ್ಲಿ ವಡೆ ತಿಂದು ಮನೆಗೆ ಹೋಗುವವರು. 2017ರಲ್ಲಿ ನಮ್ಮ ಟೀಮು ಹಳೆಯ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಬಂತಲ್ಲ, ಆವತ್ತಿಂದ ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದೇವೆ. ಸೀಸನ್ ಶುರುವಾಗುವ ಮುಂಚಿನ ಭಾನುವಾರ ಪ್ರತಿಯೊಬ್ಬರೂ ಅದರಲ್ಲಿ ಟೀಮು ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಬರೆದು ಸಹಿ ಹಾಕಬೇಕು. ಎಲ್ಲರಿಗಿಂತ ಜಾಸ್ತಿ ತಪ್ಪಿದವರು ಮುಂದಿನ ವರ್ಷ ಎಲ್ಲರ ತಿಂಡಿ ಬಿಲ್ಲು ಕೊಡಬೇಕು. ಆ ಬಿಲ್ಲು ನಾನು ಎರಡು ಸಲ ಕೊಟ್ಟಿದ್ದೇನೆ.

ಆ ನೋಟ್‌ಬುಕ್ ತಿರುವಿ ಹಾಕಿದರೆ ನಗು ಬರುತ್ತದೆ. 2020ರಲ್ಲಿ ಆರರಲ್ಲಿ ಐದು ಜನ ‘ಮೊದಲ ಎರಡರೊಳಗೆ’ ಅಂತ ಬರೆದಿದ್ದೇವೆ. ಕೋವಿಡ್ ಕಾರಣಕ್ಕೆ ಇಡೀ ಲೀಗ್ ಗೋವಾದಲ್ಲೇ ನಡೆದ ವರ್ಷ ಅದು. ಜನವರಿಯಲ್ಲಿ ಕೋಚ್ ಕಾರ್ಲೆಸ್ ಕ್ವಾದ್ರತ್ ಹೋದರು, ಟೀಮು ಏಳನೇ ಸ್ಥಾನದಲ್ಲಿ ನಿಂತಿತು. ಇನ್ನೂ ಮಜಾ 2023ರ ಪುಟ. ಅದರ ಹಿಂದಿನ ಸೀಸನ್‌ನಲ್ಲಿ ನಾವು ಮೂರು ಫೈನಲ್ ಆಡಿದ್ದೆವು. ಡುರಾಂಡ್ ಕಪ್ ಗೆದ್ದಿದ್ದೆವು, ಐಎಸ್‌ಎಲ್ ಮತ್ತು ಸೂಪರ್ ಕಪ್ ಫೈನಲ್ ಸೋತಿದ್ದೆವು. ಅದೇ ಗುಂಗಿನಲ್ಲಿ ನಾನು ದಪ್ಪ ಅಕ್ಷರದಲ್ಲಿ ‘ಲೀಗ್ ಶೀಲ್ಡ್ ನಮ್ಮದು’ ಅಂತ ಬರೆದೆ. ಲೀಗ್ ಪಟ್ಟಿಯ ತುದಿಯಲ್ಲಿ ನಿಂತವರಿಗೆ ಸಿಗೋದು ಶೀಲ್ಡ್. ಹನ್ನೆರಡು ಟೀಮಿನಲ್ಲಿ ಹತ್ತನೆಯವರಾದೆವು. ಡಿಸೆಂಬರ್‌ನಲ್ಲೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಕಳಿಸಿದ್ದೂ ಆಗಿತ್ತು. ನಮ್ಮ ಆಟಗಾರರಾದ ರಾಯ್ ಕೃಷ್ಣ ಒಡಿಶಾಗೆ, ಸಂದೇಶ್ ಜಿಂಗಾನ್ ಗೋವಾಗೆ ಹೋದದ್ದು ನಮಗೆಲ್ಲ ಗೊತ್ತೇ ಇತ್ತು. ಗೊತ್ತಿದ್ದೂ ಹಾಗೆ ಬರೆದದ್ದು.

2024ರಲ್ಲಿ ಉಲ್ಟಾ. ಹತ್ತನೇ ಸ್ಥಾನ ಕಂಡು ಎಲ್ಲರೂ ಬೆದರಿದ್ದೆವು. ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿಗೆ 40 ತುಂಬಿತ್ತು, ದೇಶಕ್ಕಾಗಿ ಆಡೋದನ್ನು ಜೂನ್‌ನಲ್ಲಿ ನಿಲ್ಲಿಸಿದ್ದರು. ‘ಈ ವಯಸ್ಸಿನಲ್ಲಿ ಇವರನ್ನೇ ನಂಬಿಕೊಂಡರೆ ಮುಗೀತು’ ಅಂತ ನಾನೇ ವಾದ ಮಾಡಿದ್ದು. ಎಂಟನೇ ಸ್ಥಾನ ಅಂತ ಬರೆದೆ. ಛೆಟ್ರಿ 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ ಬೇರೆ. ಟೀಮು ಮೂರನೇ ಸ್ಥಾನಕ್ಕೆ ಬಂದು ಫೈನಲ್‌ವರೆಗೂ ಹೋಯಿತು. ಆ ವರ್ಷದ ತಿಂಡಿ ಬಿಲ್ಲು ಯಾರು ಕೊಟ್ಟರು ಅಂತ ಹೇಳಬೇಕಾಗಿಲ್ಲ ಅಲ್ವಾ.

ಎಲ್ಲಿ ಎಡವುತ್ತೇವೆ ಅಂತ ಈಗ ಸ್ವಲ್ಪ ಗೊತ್ತಾಗಿದೆ. ನಾವು ಹೋದ ಸೀಸನ್ ಹೇಗೆ ಮುಗಿಯಿತು ಅನ್ನೋದನ್ನೇ ನೋಡಿ ಈ ಸೀಸನ್ ಲೆಕ್ಕ ಹಾಕುತ್ತೇವೆ. ಉಳಿದ ಹೊತ್ತೆಲ್ಲ ಯಾವ ವಿದೇಶಿ ಆಟಗಾರ ಬಂದ, ಯಾರು ಹೋದ ಅನ್ನುವ ಹೆಸರುಗಳ ಮೇಲೆ ಜಗಳ. ಆದರೆ ಈ ಟೀಮಿನ ಸ್ವಭಾವ ಬೇರೆ. ಇದು ಯಾವಾಗ ನಿದ್ದೆಯಿಂದ ಏಳುತ್ತದೆ ಅನ್ನೋದೇ ಮುಖ್ಯ.

2022-23 ಸೀಸನ್ ತಗೊಳ್ಳಿ. ಮೊದಲ 12 ಪಂದ್ಯದಲ್ಲಿ ನಮಗೆ ಸಿಕ್ಕಿದ್ದು 10 ಪಾಯಿಂಟ್. ಮೂರು ಗೆಲುವು, ಒಂದು ಡ್ರಾ, ಎಂಟು ಸೋಲು. ನಮ್ಮ ಮನೆ ಮೈದಾನವಾದ ಕಂಠೀರವ ಸ್ಟೇಡಿಯಂನಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನಾವು ಹಾಡುತ್ತಿದ್ದದ್ದು ನಮ್ಮ ಕಿವಿಗೇ ಅಳುವಿನ ಹಾಗೆ ಕೇಳುತ್ತಿತ್ತು. ಆಮೇಲೆ ಏನಾಯಿತೋ, ಉಳಿದ ಎಂಟಕ್ಕೆ ಎಂಟೂ ಗೆದ್ದರು! ಶಿವಶಕ್ತಿ ನಾರಾಯಣನ್ ಅನ್ನುವ ಹುಡುಗ ಗೋಲು ಹೊಡೆಯೋಕೆ ಶುರು ಮಾಡಿದ. 34 ಪಾಯಿಂಟ್, ನಾಲ್ಕನೇ ಸ್ಥಾನ. ಆಮೇಲೆ ಪ್ಲೇಆಫ್, ಅಂದರೆ ಪಟ್ಟಿಯ ಮೇಲಿನ ಟೀಮುಗಳು ಕಪ್‌ಗಾಗಿ ಆಡುವ ನಾಕೌಟ್ ಸುತ್ತು. ಅದರಲ್ಲಿ ಕೇರಳದ ಮೇಲೆ ಆ ಫ್ರೀ ಕಿಕ್. ಎದುರಿನವರು ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಮುಂಚೆಯೇ ಛೆಟ್ರಿ ಹೊಡೆದುಬಿಟ್ಟರು. ಕೇರಳದ ಕೋಚ್ ವುಕೊಮನೊವಿಚ್ ಸಿಟ್ಟಾಗಿ ಟೀಮನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಅದು ಸರಿಯಾ ತಪ್ಪಾ ಅಂತ ಇಲ್ಲಿ ಶುರು ಮಾಡೋದು ಬೇಡ. ನಮ್ಮ ಗುಂಪಿನಲ್ಲಿ ಒಬ್ಬ ಮಲಯಾಳಿ ಇದ್ದಾನೆ, ಇವತ್ತಿಗೂ ಆ ಮಾತೆತ್ತಿದರೆ ಕಾಫಿ ಬಿಟ್ಟು ಎದ್ದು ಹೋಗುತ್ತಾನೆ. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ಕ್ಕೆ ಸೋಲಿಸಿದ್ದು ಕಂಠೀರವದಲ್ಲೇ. ಆವತ್ತು ಕಿರುಚಿದ್ದಕ್ಕೆ ನನ್ನ ಗಂಟಲು ಮೂರು ದಿನ ಕೈಕೊಟ್ಟಿತ್ತು.

ಈಗ ಈ ಸಲದ್ದಕ್ಕೆ ಬರೋಣ. ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್‌ಗೂ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಕರಾರು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಕರಾರು ಆಗಲಿಲ್ಲ. ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಸಂಬಳ ನಿಲ್ಲಿಸಿದ್ದೇವೆ ಅಂತ ಪ್ರಕಟಣೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಾಗಿದ್ದ ಆಟ ಫೆಬ್ರವರಿಗೆ ಬಂದು ನಿಂತಿದೆ. 14 ಟೀಮು, ಒಟ್ಟು 91 ಪಂದ್ಯ. ಅಂದರೆ ಪ್ರತಿ ಟೀಮಿಗೂ 13 ಪಂದ್ಯ. ಒಬ್ಬರ ಜೊತೆ ಒಂದೇ ಸಲ. ಪ್ಲೇಆಫ್ ಇಲ್ಲ, ಪಟ್ಟಿಯ ತುದಿಯಲ್ಲಿದ್ದವರಿಗೆ ಕಪ್.

ಇದೇ ಹದಿಮೂರರ ಮೇಲೆ ನಮ್ಮ ದರ್ಶಿನಿಯಲ್ಲಿ ಎರಡು ವಾರದಿಂದ ಯುದ್ಧ ನಡೆಯುತ್ತಿದೆ.

ಒಂದು ಕಡೆ ನಮ್ಮ ಎಕ್ಸೆಲ್ ಹುಡುಗ. ಐಟಿ ಕಂಪನಿಯಲ್ಲಿದ್ದಾನೆ, ಎಲ್ಲಕ್ಕೂ ಶೀಟು ಮಾಡುತ್ತಾನೆ. ಅವನ ಪ್ರಕಾರ ನಮ್ಮ ಕಥೆ ಮುಗಿದಿದೆ. ‘2022-23ರಲ್ಲಿ 13 ಪಂದ್ಯಕ್ಕೇ ಲೀಗ್ ಮುಗಿದಿದ್ದರೆ ನಮ್ಮ ಹತ್ತಿರ ಇರ್ತಿದ್ದದ್ದು ಬರೀ 13 ಪಾಯಿಂಟು. ಎದ್ದೇಳೋಷ್ಟರಲ್ಲಿ ಬೆಳಗಾಗಿ ಊಟದ ಹೊತ್ತಾಗಿರುತ್ತೆ ಗುರೂ’ ಅಂತಾನೆ. ಎಂಟು ಗೆಲುವಿನ ಆ ಓಟಕ್ಕೆ ಈ ಸಲ ಜಾಗವೇ ಇಲ್ಲ. ತಪ್ಪು ತಿದ್ದಿಕೊಳ್ಳೋಕೆ ಎರಡನೇ ಸುತ್ತು ಇಲ್ಲ. ಆರನೇ ಸ್ಥಾನದಲ್ಲಿ ನುಸುಳಿ ಪ್ಲೇಆಫ್‌ನಲ್ಲಿ ನೋಡಿಕೊಳ್ಳೋಣ ಅನ್ನೋ ಹಾಗೂ ಇಲ್ಲ.

ಇನ್ನೊಂದು ಕಡೆ ಅಂಕಲ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಟೀಮುಗಳ ಕಾಲದಲ್ಲಿ ಅಶೋಕನಗರದ ಸ್ಟೇಡಿಯಂ ಕಲ್ಲಿನ ಮೇಲೆ ಕೂತು ಬೆಳೆದವರು. ಅವರ ಎದುರು ಛೆಟ್ರಿಯನ್ನು ಹೊಗಳಿದರೆ ನಮ್ಮೂರ ಹಳೆಯ ಆಟಗಾರರಾದ ಅಹ್ಮದ್ ಖಾನ್, ಕೆಂಪಯ್ಯ ಅಂತ ಹಿಂದಕ್ಕೆ ಹೋಗುತ್ತಾರೆ. ಅವರು ಎಕ್ಸೆಲ್ ಹುಡುಗನ ಮಾತು ಕೇಳಿ ಚಟ್ನಿ ಒರೆಸಿಕೊಂಡು ಹೇಳಿದ್ದು ಒಂದೇ ಮಾತು: ‘ನಾವು ಪ್ಲೇಆಫ್ ಟೀಮಲ್ಲ ಕಣೋ, ಲೀಗ್ ಟೀಮು.’

ಮೊದಲು ನಕ್ಕೆವು. ಆಮೇಲೆ ಲೆಕ್ಕ ಹಾಕಿದರೆ ಮುದುಕರ ಮಾತು ಸರಿ. 2013-14ರಲ್ಲಿ ಕ್ಲಬ್ಬಿಗೆ ಅದೇ ಮೊದಲ ವರ್ಷ, ಆಶ್ಲಿ ವೆಸ್ಟ್‌ವುಡ್ ಕೋಚ್, ಐ-ಲೀಗ್ ಗೆದ್ದೆವು. 2015-16ರಲ್ಲಿ ಇನ್ನೊಂದು ಸಲ. ಎರಡೂ ಪ್ಲೇಆಫ್ ಇಲ್ಲದ ಲೀಗುಗಳು. 2017-18ರ ಐಎಸ್‌ಎಲ್‌ನಲ್ಲಿ 40 ಪಾಯಿಂಟ್ ತೆಗೆದು ಪಟ್ಟಿಯ ತುದಿಯಲ್ಲಿದ್ದೆವು. ಎರಡನೆಯವರಾದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ಅಂತರ! ಆದರೂ ಮಾರ್ಚ್ 17ರ ರಾತ್ರಿ ಕಂಠೀರವದಲ್ಲಿ ಅದೇ ಚೆನ್ನೈಯಿನ್ 3-2ರಲ್ಲಿ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದಿದ್ದರು. ಆಮೇಲೆ ಕಾರ್ನರ್‌ನಿಂದ ಮೈಲ್ಸನ್ ಆಲ್ವೆಸ್ ಹೆಡ್ಡರ್, ಮತ್ತೆ ಕಾರ್ನರ್, ಮತ್ತೆ ಅದೇ ಮೈಲ್ಸನ್. ಕಬ್ಬನ್ ಪಾರ್ಕ್ ಪಕ್ಕದಲ್ಲಿ ಒಬ್ಬರಿಗೊಬ್ಬರು ಮಾತಾಡದೆ ನಡೆದುಕೊಂಡು ಹೋಗಿದ್ದು ನೆನಪಿದೆ. ಈಗಿನ ನಿಯಮ ಆವತ್ತು ಇದ್ದಿದ್ದರೆ ಅದು ನಮ್ಮ ಕಪ್.

2018-19ರಲ್ಲಿ ಕಪ್ ಗೆದ್ದೆವು. ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ನಮ್ಮ ರಾಹುಲ್ ಭೆಕೆ ಹೆಡ್ಡರ್ ಹೊಡೆದರು, ಗೋವಾ ಸೋತಿತು. ಆದರೆ ಆ ವರ್ಷವೂ ಲೀಗ್ ಪಟ್ಟಿಯಲ್ಲಿ ನಾವೇ ಮೊದಲು. ಗೋವಾಗೂ ನಮಗೂ ತಲಾ 34 ಪಾಯಿಂಟ್, ಇಬ್ಬರೂ ಎದುರಾಗಿ ಆಡಿದ ಪಂದ್ಯಗಳ ಲೆಕ್ಕದಲ್ಲಿ ನಾವು ಮೇಲೆ. ಪ್ಲೇಆಫ್ ನಮಗೆ ಹೆಚ್ಚಿಗೆ ಕೊಟ್ಟದ್ದು ಏನು ಹಾಗಾದರೆ? 2023ರಲ್ಲಿ ಒಂದು ಫೈನಲ್, 2025ರಲ್ಲಿ ಒಂದು ಫೈನಲ್. ಎರಡನ್ನೂ ಮೋಹನ್ ಬಗಾನ್‌ಗೆ ಸೋತೆವು. ಒಂದು ಪೆನಾಲ್ಟಿಯಲ್ಲಿ, ಇನ್ನೊಂದು ಹೆಚ್ಚುವರಿ ಸಮಯದಲ್ಲಿ.

ಎಕ್ಸೆಲ್ ಹುಡುಗ ಇದನ್ನು ಕೇಳಿ ಸುಮ್ನೆ ಕೂತ. ಅವನು ಸುಮ್ಮನಾಗೋದು ಅಪರೂಪ, ಅದಕ್ಕೇ ಬರೆದೆ.

ಆದರೆ ನನಗೆ ಅಂಕಲ್ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಆ ಗೆಲುವುಗಳೆಲ್ಲ ಹಳೆಯ ಟೀಮಿನವು. ಆಗ ಗೋಲು ಹೊಡೆಯೋಕೆ ಛೆಟ್ರಿ ಒಬ್ಬರೇ ಇರಲಿಲ್ಲ. 2017-18ರಲ್ಲಿ ನಮ್ಮ ವಿದೇಶಿ ಸ್ಟ್ರೈಕರ್ ಮಿಕು 15 ಹೊಡೆದರೆ ಛೆಟ್ರಿ 14 ಹೊಡೆದಿದ್ದರು. ಒಬ್ಬರನ್ನು ಕಟ್ಟಿಹಾಕಿದರೆ ಇನ್ನೊಬ್ಬರು. ಈಗ ಛೆಟ್ರಿಗೆ 41. ಹೋದ ವರ್ಷ ಅವರನ್ನು ಮುದುಕ ಅಂದು ನಾನು ಬಿಲ್ಲು ಕಟ್ಟಿದ್ದೇನೆ, ಹಾಗಾಗಿ ಈ ಸಲ ಬಾಯಿ ಬಿಡಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. 13 ಪಂದ್ಯದ ಲೀಗ್ 24 ಪಂದ್ಯದ ಲೀಗಿಗಿಂತ ವಯಸ್ಸಾದ ಕಾಲಿಗೆ ಹಗುರ. ಅದೇ 13 ಪಂದ್ಯದಲ್ಲಿ ಅವರಿಗೆ ಮೂರು ವಾರ ಸ್ನಾಯು ಹಿಡಿದುಕೊಂಡರೆ ಲೀಗಿನ ಕಾಲು ಭಾಗವೇ ಹೋಯಿತು.

ನಾನು ನೋಡುವುದು ಮೊದಲ ಐದು ಪಂದ್ಯ, ಅಷ್ಟೇ. 2024-25ರಲ್ಲಿ ಮೊದಲ ಐದರಲ್ಲಿ ನಾವು ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಶುರುವಿಗೆ ಈಸ್ಟ್ ಬೆಂಗಾಲ್ ಮೇಲೆ ವಿನಿತ್ ವೆಂಕಟೇಶ್ ಗೋಲು, ಆಮೇಲೆ ಕಂಠೀರವದಲ್ಲಿ ಮೋಹನ್ ಬಗಾನ್‌ಗೆ 3-0. ನಾಲ್ಕು ಗೆಲುವು, ಒಂದು ಡ್ರಾ, 13 ಪಾಯಿಂಟ್. ಹಿಂದೆ ಎಕ್ಸೆಲ್ ಹುಡುಗ 13 ಪಂದ್ಯಕ್ಕೆ ಹೇಳಿದನಲ್ಲ, ಅದೇ 13 ಪಾಯಿಂಟ್ ಇಲ್ಲಿ ಐದೇ ಪಂದ್ಯಕ್ಕೆ. ಎರಡೂ ಇದೇ ಕ್ಲಬ್ಬು. ಆ ಸೀಸನ್ ಕೊನೆಗೆ 38 ಪಾಯಿಂಟ್‌ಗೆ ನಿಂತಿದ್ದೂ ನಿಜ, ಮೋಹನ್ ಬಗಾನ್ 56 ತೆಗೆದದ್ದೂ ನಿಜ. 24 ಪಂದ್ಯದಲ್ಲಿ ನಮ್ಮ ಉಸಿರು ಕಟ್ಟಿತು. 13ರಲ್ಲಿ ಕಟ್ಟದೆಯೂ ಇರಬಹುದು.

ಇನ್ನೊಂದು ವಿಷಯವನ್ನು ಯಾರೂ ಜಾಸ್ತಿ ಮಾತಾಡುತ್ತಿಲ್ಲ. ಒಬ್ಬರ ಜೊತೆ ಒಂದೇ ಪಂದ್ಯ ಅಂದರೆ ಕೆಲವು ಟೀಮು ನಮ್ಮ ಮನೆಗೆ ಬರುತ್ತವೆ, ಕೆಲವರ ಮನೆಗೆ ನಾವೇ ಹೋಗಬೇಕು. ಆ ವರ್ಷ ಬಗಾನ್‌ಗೆ ಕಂಠೀರವದಲ್ಲಿ ಮೂರು ಹೊಡೆದವರು ಅವರ ಊರು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಫೈನಲ್ ಸೋತಿದ್ದೂ ನಾವೇ. ಯಾರು ಎಲ್ಲಿ ಆಡುತ್ತಾರೆ ಅನ್ನೋ ಪಟ್ಟಿಯನ್ನು ನಾನಂತೂ ಹೊಸ ಆಟಗಾರರ ಪಟ್ಟಿಗಿಂತ ಮೊದಲು ನೋಡುತ್ತೇನೆ.

ಹಾಗಾದರೆ ಚಾನ್ಸ್ ಇದೆಯಾ ಅಂತ ಕೇಳಿದಿರಿ. ನನ್ನ ಉತ್ತರ ನೋಟ್‌ಬುಕ್‌ನಲ್ಲಿ ಹೋದ ಭಾನುವಾರ ಬರೆದಾಯಿತು: ನಾಲ್ಕನೇ ಸ್ಥಾನ. ಮೊದಲ ಐದರಲ್ಲಿ 10 ಪಾಯಿಂಟ್ ದಾಟಿದರೆ ಕಪ್‌ಗೆ ಪೈಪೋಟಿ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ. ಎಕ್ಸೆಲ್ ಹುಡುಗ ಏಳು ಅಂತ ಬರೆದು, ಅಂಕಲ್ ಮಾತು ಕೇಳಿದ ಮೇಲೆ ಹೊಡೆದುಹಾಕಿ ಐದು ಮಾಡಿದ. ತಿದ್ದೋಕೆ ಅವಕಾಶ ಇದೆಯಾ ಇಲ್ಲವಾ ಅಂತ ಇನ್ನೊಂದು ಜಗಳ ಶುರುವಾಗಿದೆ. ಮಲಯಾಳಿ ಗೆಳೆಯ ಕೇರಳ ಬ್ಲಾಸ್ಟರ್ಸ್ ಎಷ್ಟನೆಯದೋ ಅದಕ್ಕಿಂತ ಒಂದು ಕೆಳಗೆ ಅಂತ ಬರೆದಿದ್ದಾನೆ, ಅದನ್ನು ಲೆಕ್ಕಕ್ಕೆ ಹಿಡಿಯಲ್ಲ.

ಅಂಕಲ್ ಮಾತ್ರ ಇನ್ನೂ ಬರೆದಿಲ್ಲ. ಪೆನ್ನು ಕೊಟ್ಟರೆ ಜೇಬಿಗೆ ಹಾಕಿಕೊಂಡರು. ‘ಮೊದಲ ಪಂದ್ಯಕ್ಕೆ ಸೆಂಟರ್ ಬ್ಯಾಕ್ ಯಾರನ್ನ ಇಳಿಸ್ತಾರೆ ನೋಡ್ತೀನಿ, ಆಮೇಲೆ ಸಹಿ’ ಅಂದರು. ಪೆನ್ನು ಇನ್ನೂ ಅವರ ಹತ್ತಿರವೇ ಇದೆ.