ಲಿನಕ್ಸ್ ಮಿಂಟ್ ಕಡಿಮೆ ಜನ ಬಳಸುವುದರಿಂದ ವೈರಸ್ ಬರಲ್ಲ ಅಂತಾರೆ, ನಿಜವೇ? ಆಂಟಿವೈರಸ್ ಯಾವುದು ಹಾಕಲಿ?

ಇದೇ ಮಾತು ನಂಬಿ ನಾನೂ ವಿಂಡೋಸ್ ಬಿಟ್ಟು, ಅದರ ಜಾಗದಲ್ಲಿ ಓಡುವ ಈ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ ಬಂದಿದ್ದು. ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಹಾಕೋದು, ತೆಗೆಯೋದು. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ಇದೆಯಲ್ವಾ, ಅದರ ಕಾಟಕ್ಕೆ ಬೇಸತ್ತು ಮಿಂಟ್ ಹಾಕಿದೆ. ಆ ಕಾಟ ನಿಂತೇ ಹೋಯಿತು. ವಿಂಡೋಸ್ ವೈರಸ್ ಫೈಲು ಇಲ್ಲಿ ಸುಮ್ನೆ ಬಿದ್ದಿರುತ್ತದೆ, ಅಷ್ಟೆ.

ಆಮೇಲೆ ಧೈರ್ಯ ಜಾಸ್ತಿಯಾಯಿತು. ಅಂಗಡಿಯ ಫೈಲುಗಳನ್ನು ಮನೆಯಿಂದಲೇ ತೆಗೆಯಬೇಕು ಅನ್ನಿಸಿ ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಲಾಗಿನ್ ಆಗಲು ಬಿಡುವ ಪ್ರೋಗ್ರಾಂ) ಹಾಕಿ, ಹೊರಗಿನಿಂದ ಅದನ್ನು ತಲುಪಲು ರೌಟರ್‌ನಲ್ಲಿ ಅದರ ಬಾಗಿಲು, ಅಂದರೆ 22ನೇ ಪೋರ್ಟ್ ತೆರೆದೆ. ಕನೆಕ್ಟ್ ಆಗುತ್ತಾ ನೋಡಲು 'ಟೆಸ್ಟ್' ಅಂತ ಒಂದು ಯೂಸರ್ ಮಾಡಿದೆ. ಪಾಸ್‌ವರ್ಡ್ ಕೂಡ 'ಟೆಸ್ಟ್'. ಕನೆಕ್ಟ್ ಆಯಿತು. ಯೂಸರ್ ಅಳಿಸುವುದು ಮರೆತೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮರೆವಿಗಿಂತ ದೊಡ್ಡ ತಪ್ಪು ನನ್ನ ಲೆಕ್ಕಾಚಾರದಲ್ಲಿತ್ತು. 'ಆ ಯೂಸರ್‌ಗೆ ಸುಡೋ, ಅಂದರೆ ಇಡೀ ಸಿಸ್ಟಮ್ ಬದಲಾಯಿಸುವ ಅಧಿಕಾರ ಇಲ್ಲ, ಯಾರಾದರೂ ಬಂದರೂ ಏನು ಕಿತ್ಕೊಳ್ತಾರೆ' ಅಂದುಕೊಂಡಿದ್ದೆ. ಬಂದವರಿಗೆ ಸುಡೋ ಬೇಕಾಗಿಯೇ ಇರಲಿಲ್ಲ. ನಮ್ಮ ಪ್ರೊಸೆಸರ್, ನಮ್ಮ ಇಂಟರ್‌ನೆಟ್ ಸಿಕ್ಕರೆ ಸಾಕಿತ್ತು. ಅದಕ್ಕೆ ಸಾಮಾನ್ಯ ಯೂಸರ್ ಧಾರಾಳವಾಯಿತು. ಫ್ಯಾನ್ ಇಡೀ ದಿನ ಬೊಬ್ಬೆ ಹೊಡೆಯುತ್ತಿತ್ತು, ಧೂಳು ಅಂತ ಬ್ರಷ್ ಹಾಕಿ ಒರೆಸಿದೆ! ಕೊನೆಗೆ ಇಂಟರ್‌ನೆಟ್ ಕೊಡುವವರು ಲೈನ್ ಕಟ್ ಮಾಡಿದರು. ನಮ್ಮ ವಿಳಾಸದಿಂದ ಬೇರೆ ಕಂಪ್ಯೂಟರ್‌ಗಳ ಮೇಲೆ ದಾಳಿ ಆಗುತ್ತಿದೆಯಂತೆ. ಕಾಲೇಜು ಅಡ್ಮಿಶನ್ ಅರ್ಜಿ ತುಂಬುವ ಸೀಸನ್ ಬೇರೆ. ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋದರು.

ಲಾಗಿನ್ ದಾಖಲೆ ತೆಗೆದು ನೋಡಿದರೆ ರೂಟ್, ಅಡ್ಮಿನ್, ಒರಾಕಲ್, ಪೈ ಅಂತ ಒಂದೊಂದೇ ಹೆಸರು ಹಿಡಿದು ಪ್ರಯತ್ನಿಸಿದ ಸಾಲುಗಳು, ಪುಟಗಟ್ಟಲೆ. ಎಲ್ಲವೂ ಫೇಲ್. 'ಟೆಸ್ಟ್' ಸಾಲು ಮಾತ್ರ ಪಾಸ್. ಹೊತ್ತು ಹೊತ್ತಿಗೆ ಪ್ರೋಗ್ರಾಂ ತಾನಾಗಿ ಓಡಿಸುವ ಕ್ರಾನ್‌ನಲ್ಲಿ ಅವರದೇ ಒಂದು ಸಾಲು ಕೂತಿತ್ತು. ಆ ಪ್ರೋಗ್ರಾಂ ಎಷ್ಟು ಸಲ ನಿಲ್ಲಿಸಿದರೂ ನಿಮಿಷಕ್ಕೊಮ್ಮೆ ಮತ್ತೆ ಏಳುತ್ತಿತ್ತು. ಎಲ್ಲ ಒರೆಸಿ ಹೊಸದಾಗಿ ಹಾಕಿದೆ.

ಹಾಗಾಗಿ 'ಕಡಿಮೆ ಜನ' ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ಮೇಜಿನ ಮೇಲೆ ಲಿನಕ್ಸ್ ಕಡಿಮೆ ಇರಬಹುದು, ವೆಬ್ ಸರ್ವರ್‌ಗಳಲ್ಲಿ ಅದೇ ಜಾಸ್ತಿ. ತಾನಾಗಿ ದಾಳಿ ಮಾಡುತ್ತಾ ಹೋಗುವ ಪ್ರೋಗ್ರಾಂಗೆ, ಅಂದರೆ ಬಾಟ್‌ಗೆ, ಇದು ಜೆರಾಕ್ಸ್ ಅಂಗಡಿ ಅಂತ ಗೊತ್ತಾಗಲ್ಲ, ಸಿಕ್ಕ ವಿಳಾಸವನ್ನೆಲ್ಲ ತಟ್ಟುತ್ತದೆ. 2016ರಲ್ಲಿ ಸುದ್ದಿಯಾದ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಹಿಡಿದದ್ದೂ ಒಳಗೆ ಲಿನಕ್ಸ್ ಇದ್ದ ಕ್ಯಾಮೆರಾ, ರೌಟರ್‌ಗಳನ್ನೇ, ಅದೂ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟಿದ್ದವನ್ನು. ಅದೇ ವರ್ಷ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟನ್ನೇ ಹ್ಯಾಕ್ ಮಾಡಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು, ಕಳ್ಳರು ನುಗ್ಗಲು ಹಿಂಬಾಗಿಲು ಇಟ್ಟ ಐಎಸ್‌ಒಗೆ (ಇನ್‌ಸ್ಟಾಲ್ ಮಾಡುವ ಫೈಲಿಗೆ) ತಿರುಗಿಸಿದ್ದರು. ಆದ್ದರಿಂದ ಇಳಿಸಿಕೊಂಡ ಐಎಸ್‌ಒದ ಚೆಕ್‌ಸಮ್ (ಫೈಲು ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಸಾಲು), ಮಿಂಟ್‌ನವರ ಡಿಜಿಟಲ್ ಸಹಿ ಎರಡನ್ನೂ ತಾಳೆ ನೋಡಿ. ಮಿಂಟ್‌ನಲ್ಲಿ ಹೊರಗಿನಿಂದ ಬರುವ ಕನೆಕ್ಷನ್ ತಡೆಯುವ ಫೈರ್‌ವಾಲ್ ಇರುತ್ತದೆ, ಆದರೆ ಆಫ್ ಆಗಿರುತ್ತದೆ, ಆನ್ ಮಾಡಿ. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ. ಎಸ್‌ಎಸ್‌ಎಚ್ ಬೇಕೇ ಬೇಕಾದರೆ ಕೀ (ಪಾಸ್‌ವರ್ಡ್ ಬದಲು ನಿಮ್ಮ ಬಳಿ ಇರುವ ಗುಟ್ಟಿನ ಫೈಲು) ಬಳಸಿ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಯಾವ ಆಂಟಿವೈರಸ್ಸೂ ನನ್ನ 'ಟೆಸ್ಟ್' ಯೂಸರ್ ತೆಗೆದುಹಾಕುತ್ತಿರಲಿಲ್ಲ.

ಕ್ಲಾಮ್‌ಎವಿ ಅನ್ನುವ ಉಚಿತ ಆಂಟಿವೈರಸ್ ನಮ್ಮಲ್ಲೂ ಇದೆ, ಗಿರಾಕಿಗಳ ಪೆನ್‌ಡ್ರೈವ್‌ಗೆ. ನಮ್ಮ ಮಿಂಟ್‌ಗೆ ಏನೂ ಮಾಡದ ಫೈಲು ಪಕ್ಕದ ಮನೆಯ ವಿಂಡೋಸ್ ಹಾಳು ಮಾಡಬಹುದಲ್ವಾ. ನೀವೂ ಪೆನ್‌ಡ್ರೈವ್ ಹಂಚಿಕೊಳ್ಳುವವರಾದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಡ.